ಮಾಲು ಮೊದಲು, ಯಂತ್ರ ಆಮೇಲೆ: ಮರುಬಳಕೆ ಸ್ಟಾರ್ಟ್‌ಅಪ್‌ಗೆ ಪೂರೈಕೆದಾರರನ್ನು ಹೊಂದಿಸುವುದು ಹೇಗೆ?

ಪ್ಲಾಸ್ಟಿಕ್ ಮರುಬಳಕೆಗೆ ಇಳಿಯುವ ಹೊಸಬರು ಎಷ್ಟೋ ಸಲ ಸಾಲ ಮಾಡಿ ಯಂತ್ರ ಕೂರಿಸಿ, ಆಮೇಲೆ ಮಾಲಿಗಾಗಿ ಅಲೆಯುತ್ತಾರೆ. ಮೂರು ತಿಂಗಳು ತಪ್ಪದೆ ಮಾಲು ಬಂದ ಮೇಲಷ್ಟೇ ಯಂತ್ರದ ಮಾತು ಎತ್ತಿ.

ಮೊದಲಿಗೆ ಒಂದೇ ವಸ್ತು ಆರಿಸಿಕೊಳ್ಳಿ. ಹಾಲಿನ ಕವರ್ ಒಳ್ಳೆಯ ಆರಂಭ: ಪಾಲಿಎಥಿಲೀನ್‌ನದು, ಬೆಂಗಳೂರಿನ ಮನೆಮನೆಯಲ್ಲೂ ದಿನವೂ ಸಿಗುತ್ತದೆ. ವಾರ್ಡಿನ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರ, ಒಂದೆರಡು ದೊಡ್ಡ ಅಪಾರ್ಟ್‌ಮೆಂಟ್, ನಾಯಂಡಹಳ್ಳಿ ಅಥವಾ ಜಾಲಿ ಮೊಹಲ್ಲಾದ ಗುಜರಿ ವ್ಯಾಪಾರಿ, ಹೀಗೆ ಮೂರೂ ಕಡೆ ಮಾತಾಡಿ. ಅಪಾರ್ಟ್‌ಮೆಂಟಿನ ಮಾಲು ಚೊಕ್ಕಟ, ಆದರೆ ಕಡಿಮೆ. ಆಟೊ ಬಾಡಿಗೆಗೇ ಲಾಭ ಹೋಗುತ್ತದೆ. ಗುಜರಿಯವರನ್ನು ಬದಿಗೊತ್ತಿ ಚಿಂದಿ ಆಯುವವರಿಂದಲೇ ನೇರ ಕೊಳ್ಳಲು ಹೊರಡಬೇಡಿ. ವಿಂಗಡಣೆ, ದಾಸ್ತಾನು, ಕಷ್ಟಕ್ಕೆ ಮುಂಗಡ ಎಲ್ಲವೂ ಗುಜರಿಯವರ ಕೈಯಲ್ಲಿದೆ.

ದರ ಕೇಳುವ ಮುನ್ನ ಪ್ರತಿಯೊಬ್ಬರಿಂದ 25 ಕೆ.ಜಿ.ಯ ಒಂದು ಮೂಟೆ ಕೊಂಡು ನೆಲಕ್ಕೆ ಸುರಿಯಿರಿ. ಕತ್ತರಿಸಿದ ಚೂರುಗಳನ್ನು ಬಕೆಟ್ ನೀರಿಗೆ ಹಾಕಿ: ಪಾಲಿಎಥಿಲೀನ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ. ಎಷ್ಟೋ ಚಿಪ್ಸ್ ಪ್ಯಾಕೆಟ್‌ಗಳೂ ತೇಲುತ್ತವೆ. ಒಳಬದಿಯ ಬೆಳ್ಳಿ ಹೊಳಪು ನೋಡಿ ಕೈಯಿಂದಲೇ ತೆಗೆಯಬೇಕು. ಹಾಲಿನ ಪಸೆ ಉಳಿದರೆ ಹುಳಿ ವಾಸನೆ ದಾನಾದಲ್ಲೂ (ಮಾಲನ್ನು ಕರಗಿಸಿ ಮಾಡುವ ಪ್ಲಾಸ್ಟಿಕ್ ಕಾಳು) ಬಿಡುವುದಿಲ್ಲ. ತೇವ ಉಳಿದರೆ ದಾನಾದಲ್ಲಿ ಗುಳ್ಳೆ ಏಳುತ್ತದೆ. ತೊಳೆದು, ಒಣಗಿಸಿ, ಮತ್ತೆ ತೂಗಿ. 25ರಲ್ಲಿ 20 ಕೆ.ಜಿ. ಉಳಿದರೆ, ಕೆ.ಜಿ.ಗೆ ₹20ಕ್ಕೆ ಕೊಂಡ ಮಾಲು ನಿಮಗೆ ಬಿದ್ದದ್ದು ₹25ಕ್ಕೆ. ಚೌಕಾಸಿ ಈ ಲೆಕ್ಕದ ಮೇಲೆ ನಡೆಯಲಿ.

ಜಗಳ ಹುಟ್ಟುವುದು ತೂಕದಲ್ಲಿ, ಅದರಲ್ಲೂ ಮಳೆಗಾಲದಲ್ಲಿ. ಒದ್ದೆ ಮಾಲಿಗೆ ಎಷ್ಟು ಕಡಿತ ಎಂಬುದನ್ನು ಮೊದಲೇ ಬರೆದಿಡಿ. ಲೋಡ್ ಬಂದು ನಿಂತ ಮೇಲೆ ಕಡಿತ ಹೇಳಿದರೆ ಮುಂದಿನ ಲೋಡ್ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಹಣ. ವಿಂಗಡಿಸುವವರ ಮನೆ ನಡೆಯುವುದು ಅಂದಂದಿನ ದುಡ್ಡಿನಲ್ಲಿ. ನಿಮ್ಮಿಂದ ದಾನಾ ಕೊಳ್ಳುವ ಕಂಪನಿಗಳು ಬಿಲ್ ಚುಕ್ತಾ ಮಾಡುವುದು ವಾರಗಳ ನಂತರ. ಅದೇ ₹20ರ ದರದಲ್ಲಿ ವಾರಕ್ಕೆ 500 ಕೆ.ಜಿ. ಎಂದರೆ ₹10,000. ಖರೀದಿದಾರ 45 ದಿನಕ್ಕೆ ಕೊಟ್ಟರೆ ಮಾಲಿನಲ್ಲೇ ಸುಮಾರು ₹65,000 ಸಿಕ್ಕಿಬೀಳುತ್ತದೆ. ಇಷ್ಟು ಕೈಯಲ್ಲಿಟ್ಟುಕೊಂಡೇ ಶುರು ಮಾಡಿ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿ: 2006ರ ಎಂಎಸ್‌ಎಂಇ ಕಾಯ್ದೆಯಂತೆ ಕಿರು, ಸಣ್ಣ ಉದ್ಯಮಗಳ ಬಾಕಿಯನ್ನು ಒಪ್ಪಂದವಿದ್ದರೂ 45 ದಿನ ಮೀರಿಸುವಂತಿಲ್ಲ.

ದಾನಾ ಮಾಡತೊಡಗಿದ ಮೇಲೆ ಖರೀದಿದಾರರಿಗೆ ಮೊದಲು ಒಂದೇ ಚೀಲ ಕೊಡಿ, ಅವರ ಅಚ್ಚಿನಲ್ಲಿ ಓಡಲಿ. ಇಪಿಆರ್ (ಪ್ಲಾಸ್ಟಿಕ್ ಪ್ಯಾಕೆಟ್ ಬಳಸುವ ಕಂಪನಿಯೇ ಅದರ ತ್ಯಾಜ್ಯಕ್ಕೂ ಹೊಣೆ ಎಂಬ ನಿಯಮ) ಪ್ರಮಾಣಪತ್ರ ಕೊಡುತ್ತೇವೆಂದು ಮಾತ್ರ ಆತುರದಲ್ಲಿ ಒಪ್ಪಬೇಡಿ. ಅದು ನೋಂದಾಯಿತ ಪ್ಲಾಸ್ಟಿಕ್ ಸಂಸ್ಕರಣಾ ಘಟಕಗಳಿಗಷ್ಟೇ ಸಾಧ್ಯ.

ಮೂಟೆಯಲ್ಲಿ ಕೆಲಸಕ್ಕೆ ಬಾರದೆ ಉಳಿದ ಕಸಕ್ಕೂ ದಾರಿ ಬೇಕು. ಅದನ್ನು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಳಿಸುವವರ ಜೊತೆ ಮೊದಲ ತಿಂಗಳಲ್ಲೇ ಮಾತಾಡಿ, ಆ ಸಾಗಣೆಯ ಖರ್ಚನ್ನೂ ದಾನಾದ ದರಕ್ಕೆ ಸೇರಿಸಿ.