ಕಂಪ್ಯೂಟರ್ ಆನ್ ಆಗೋಕೆ ಹತ್ತು ನಿಮಿಷವೇ? ಫಾರ್ಮ್ಯಾಟ್‌ಗಿಂತ ಮೊದಲು ಇಷ್ಟು ನೋಡಿ

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನನ್ನ ರಿಪೇರಿ ಅಂಗಡಿ. ಬಂದವರು ಸಿಪಿಯು ಮೇಜಿನ ಮೇಲಿಟ್ಟು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಆನ್ ಆಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ಫಾರ್ಮ್ಯಾಟ್ ಮಾಡ್ಕೊಡಿ." ನಾನು ಫಾರ್ಮ್ಯಾಟ್ ಮಾಡುವುದಿಲ್ಲ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ತೆಗೆಯುತ್ತೇನೆ. ನೀವೂ ಮನೆಯಲ್ಲಿ ಅದನ್ನೇ ಮಾಡಿ.

ಪವರ್ ಬಟನ್ ಒತ್ತಿದಾಗಿನಿಂದ, ಲೋಗೋ ಕೆಳಗೆ ಚುಕ್ಕಿಗಳು ಗುಂಡಗೆ ತಿರುಗಲು ಶುರುವಾಗುವವರೆಗೆ ಎಷ್ಟು ಸೆಕೆಂಡ್? ಬರೆದುಕೊಳ್ಳಿ. ಅಲ್ಲಿಂದ ಡೆಸ್ಕ್‌ಟಾಪ್ ಬಂದು, ಒಂದು ಫೋಲ್ಡರ್ ತೆರೆಯುವವರೆಗೆ ಎಷ್ಟು? ಅದನ್ನೂ ಬರೆಯಿರಿ. ಮೊದಲಿನದು ಬಯಾಸ್‌ನ ಹೊತ್ತು, ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್‌ನ ಹೊತ್ತು. ಎರಡನೆಯದು ವಿಂಡೋಸ್ ಮತ್ತು ಡಿಸ್ಕ್‌ನ ಹೊತ್ತು. ತಡ ಮೊದಲ ಭಾಗದಲ್ಲಿದ್ದರೆ ವಿಂಡೋಸನ್ನು ನೂರು ಸಲ ಹೊಸದಾಗಿ ಹಾಕಿದರೂ ಅದು ಹೋಗುವುದಿಲ್ಲ. ವಿಂಡೋಸ್ ಇನ್ನೂ ಬಂದೇ ಇರುವುದಿಲ್ಲ, ಅಲ್ವಾ?

ಅಳೆಯುವಾಗ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು, ಪರದೆ ಕಪ್ಪಾದಾಗಿನಿಂದ ಅಳೆಯಿರಿ. ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದಾಗ ವಿಂಡೋಸ್ ತನ್ನ ಒಂದಷ್ಟು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು ಮಲಗುತ್ತದೆ. ಆಗ ನಿಜವಾದ ಲೆಕ್ಕ ಸಿಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟ್‌ಅಪ್ ಪುಟದಲ್ಲಿ 'ಲಾಸ್ಟ್ ಬಯಾಸ್ ಟೈಮ್' ಅಂತ ಸೆಕೆಂಡ್ ಲೆಕ್ಕ ಕಾಣುತ್ತದೆ. ತೀರಾ ಹಳೆಯ ಯಂತ್ರಗಳಲ್ಲಿ ಇದು ಇರುವುದಿಲ್ಲ, ಆಗ ಸ್ಟಾಪ್‌ವಾಚೇ ಗತಿ.

ತಿಪಟೂರಿನ ಕೊಬ್ಬರಿ ವ್ಯಾಪಾರಿ ಯಜಮಾನರೊಬ್ಬರು ಒಮ್ಮೆ ಸಿಪಿಯು ಹೊತ್ತುಕೊಂಡು ರೈಲಿನಲ್ಲಿ ಬಂದರು. ಅದಕ್ಕೂ ಮೊದಲು ಎರಡು ಸಲ ಫಾರ್ಮ್ಯಾಟ್ ಮಾಡಿಸಿದ್ದರು. ಹೊಸ ಎಸ್ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್, ಕೂಡ ಹಾಕಿಸಿದ್ದರು. ಆದರೂ ಲೋಗೋ ಮೇಲೇ ನಾಲ್ಕು ನಿಮಿಷ ನಿಲ್ಲುತ್ತಿತ್ತು. ಮುಚ್ಚಳ ಬಿಚ್ಚಿದರೆ ಒಳಗೆ ಇನ್ನೊಂದು ಹಳೆಯ ಹಾರ್ಡ್ ಡಿಸ್ಕ್. ಮಂಡಿಯ ಹಳೆಯ ವರ್ಷಗಳ ಲೆಕ್ಕ ಅದರಲ್ಲಿತ್ತು. ಪವರ್ ವೈರ್ ಕಿತ್ತು, ಆ ಡಿಸ್ಕ್‌ನ ಎರಡೂ ಕೇಬಲ್ ಬಿಚ್ಚಿ ಮತ್ತೆ ಆನ್ ಮಾಡಿದೆ. 14 ಸೆಕೆಂಡಿಗೆ ಚುಕ್ಕಿಗಳು ತಿರುಗಿದವು.

ಆ ಡಿಸ್ಕ್‌ನಲ್ಲಿ ವಿಂಡೋಸ್ ಇರಲೇ ಇಲ್ಲ. ಆದರೆ ಬಯಾಸ್ ಜೋಡಿಸಿದ ಪ್ರತಿ ಡಿಸ್ಕನ್ನೂ "ಇದ್ದೀಯಾ?" ಅಂತ ಮಾತಾಡಿಸುತ್ತದೆ. ಉತ್ತರ ಬರದಿದ್ದರೆ ಕಾಯುತ್ತದೆ, ಮತ್ತೆ ಕೇಳುತ್ತದೆ. ಸಾಯುತ್ತಿರುವ ಡಿಸ್ಕ್ ತಡವಾಗಿ ಉತ್ತರ ಕೊಡುತ್ತದೆ. ಅದಕ್ಕೇ ಎರಡು ಡಿಸ್ಕ್ ಇರುವ ಡೆಸ್ಕ್‌ಟಾಪ್ ಆದರೆ, ವಿಂಡೋಸ್ ಇಲ್ಲದ ಡಿಸ್ಕನ್ನು ಬಿಚ್ಚಿಟ್ಟು ನೋಡುವುದೇ ನನ್ನ ಮೊದಲ ಪರೀಕ್ಷೆ. ಖರ್ಚು ಏನೂ ಇಲ್ಲ. ಯಜಮಾನರ ಲೆಕ್ಕದ ಫೈಲುಗಳನ್ನು ರಾತ್ರಿಯಿಡೀ ಕಾಪಿಗೆ ಹಾಕಿ ಉಳಿಸಿದೆ. ಮಗಳ ಮದುವೆಯ ಫೋಟೋಗಳ ಎರಡು ಫೋಲ್ಡರ್ ಮಾತ್ರ ಬರಲಿಲ್ಲ. ಮೊದಲ ಸಲವೇ ಯಾರಾದರೂ ಈ ಕೇಬಲ್ ಬಿಚ್ಚಿ ನೋಡಿದ್ದರೆ ಸಿಗುತ್ತಿದ್ದವೇನೋ. ಅದು ನನಗೆ ಇವತ್ತಿಗೂ ಬೇಜಾರು.

ಬಯಾಸ್ ಭಾಗದಲ್ಲೇ ತಡ ಇದ್ದು, ಡಿಸ್ಕ್‌ಗಳು ಸರಿಯಿದ್ದರೆ, ಪೆನ್ ಡ್ರೈವ್, ಕಾರ್ಡ್ ರೀಡರ್, ಪ್ರಿಂಟರ್ ಎಲ್ಲ ಕಿತ್ತು ನೋಡಿ. ಬೂಟ್ ಆರ್ಡರ್‌ನಲ್ಲಿ, ಅಂದರೆ ವಿಂಡೋಸನ್ನು ಮೊದಲು ಎಲ್ಲಿ ಹುಡುಕಬೇಕು ಅನ್ನುವ ಬಯಾಸ್ ಪಟ್ಟಿಯಲ್ಲಿ, ನೆಟ್‌ವರ್ಕ್ ಬೂಟ್ ಮೇಲಿದ್ದರೆ ಅದನ್ನು ಆಫ್ ಮಾಡಿ ವಿಂಡೋಸ್ ಇರುವ ಡಿಸ್ಕನ್ನು ಮೊದಲಿಗೆ ತನ್ನಿ. ದಿನವೂ ತಾರೀಖು ತಪ್ಪುತ್ತಿದ್ದರೆ ಸಿಆರ್2032 ಸೆಲ್ ಮುಗಿದಿದೆ. ಮದರ್‌ಬೋರ್ಡಿನ ಮೇಲಿರುವ, ನಾಣ್ಯದಂಥ 3 ವೋಲ್ಟ್ ಸೆಲ್ ಅದು. ಅದು ಸತ್ತರೆ ನೀವು ಮಾಡಿದ ಬೂಟ್ ಸೆಟ್ಟಿಂಗ್ ಕೂಡ ಅಳಿಸಿಹೋಗಬಹುದು.

ಎರಡನೇ ಭಾಗದ ತಡಕ್ಕೆ ಬಹುಪಾಲು ಕಾರಣ ಹಾರ್ಡ್ ಡಿಸ್ಕೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿ. ಅದರಲ್ಲಿ ನಾಲ್ಕು ಸಾಲು ಮುಖ್ಯ. 05 ಅಂದರೆ ಕೆಟ್ಟು, ಬೇರೆ ಜಾಗಕ್ಕೆ ಬದಲಾದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳು). ಸಿ5 ಅಂದರೆ ಓದಲು ಕಷ್ಟವಾಗಿ, ಏನಾಗುತ್ತದೋ ತಿಳಿಯದೆ ಬಾಕಿ ನಿಂತವು. ಸಿ6 ಅಂದರೆ ಸರಿಮಾಡಲು ಆಗದವು. ಸಿ5 ಅಥವಾ ಸಿ6 ಸೊನ್ನೆಗಿಂತ ಜಾಸ್ತಿ ಇದ್ದರೆ ಬೇರೆ ಏನೂ ಮಾಡಬೇಡಿ, ಮೊದಲು ಬೇಕಾದ ಫೈಲುಗಳನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಚೆಕ್ ಡಿಸ್ಕ್, ಡಿಫ್ರಾಗ್ ಓಡಿಸಿದರೆ ಸೋತ ಡಿಸ್ಕ್ ಇನ್ನೂ ಸೋಲುತ್ತದೆ.

ಸಿ7 ಸಾಲು ಬೇರೆ ಕಥೆ. ಅದು ಹೆಚ್ಚುತ್ತಿದ್ದರೆ ಡಿಸ್ಕ್‌ಗಿಂತ, ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಮೇಲೆ ಅನುಮಾನಪಡಿ. ಕೇಬಲ್ ಬದಲಿಸಿದರೂ ಹಳೆಯ ಅಂಕಿ ಕಡಿಮೆಯಾಗುವುದಿಲ್ಲ. ಬರೆದಿಟ್ಟುಕೊಂಡು, ವಾರ ಬಿಟ್ಟು ಏರಿದೆಯಾ ಅಂತ ನೋಡಿ.

ಡಿಸ್ಕ್ ಆರೋಗ್ಯವಾಗಿದ್ದೂ ನಿಧಾನವಾದರೆ, ಅದು ತಿರುಗುವ ಡಿಸ್ಕ್‌ನ ಸಹಜ ಮಿತಿ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗಿದರೂ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಡಿಸ್ಕ್ ಓದುವ ಮುಳ್ಳು ಹೋಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಓದುತ್ತದೆ. ಎಸ್ಎಸ್‌ಡಿಯಲ್ಲಿ ಆ ಮುಳ್ಳೇ ಇಲ್ಲ. ಹಳೆಯ ಯಂತ್ರಕ್ಕೂ ಎಸ್ಎಸ್‌ಡಿ ಹಾಕಿ ಅನ್ನುವುದು ನನ್ನ ಗಟ್ಟಿ ಮಾತು. ಆದರೆ ಹಾಕುವ ಹೊತ್ತಿನಲ್ಲಿ ಬಯಾಸ್‌ನ ಐಡಿಇ ಮೋಡ್ (ಡಿಸ್ಕ್ ಜೊತೆ ಮಾತಾಡುವ ಹಳೆಯ ವಿಧಾನ) ಅನ್ನು ಸುಮ್ನೆ ಹೊಸ ವಿಧಾನವಾದ ಎಎಚ್‌ಸಿಐಗೆ ಬದಲಿಸಬೇಡಿ. ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ, ಅಂದರೆ ಅತಿ ಅಗತ್ಯದ ಭಾಗಗಳಷ್ಟರಿಂದಲೇ, ಏಳುವಂತೆ ಹೊಂದಿಸಿ, ಆಮೇಲೆ ಬದಲಿಸಿ.

ಫರ್ಮ್‌ವೇರ್ ಬರೀ ಮದರ್‌ಬೋರ್ಡಿನಲ್ಲಿಲ್ಲ, ಡಿಸ್ಕ್‌ನೊಳಗೂ ಇದೆ. ಸ್ಯಾಮ್‌ಸಂಗ್ 840 ಇವೋ ಎಸ್ಎಸ್‌ಡಿಗಳು ಹಳೆಯ ಫೈಲುಗಳನ್ನು ತೀರಾ ನಿಧಾನವಾಗಿ ಓದುತ್ತಿದ್ದಾಗ, 2014ರಲ್ಲಿ ಕಂಪನಿಯೇ ಹೊಸ ಫರ್ಮ್‌ವೇರ್ ಬಿಟ್ಟಿತು. ಹಾಗಂತ ಎಲ್ಲರೂ ಅಪ್‌ಡೇಟ್ ಮಾಡಬೇಕಿಲ್ಲ. ನಿಮ್ಮ ತೊಂದರೆಯ ಹೆಸರು ಕಂಪನಿಯ ಪಟ್ಟಿಯಲ್ಲಿದ್ದರೆ ಮಾತ್ರ ಮಾಡಿ. ಮಾಡೆಲ್ ನಂಬರ್ ಅಕ್ಷರ ಬಿಡದೆ ಹೊಂದಿಸಿ, ಫೈಲು ಕಾಪಿ ಮಾಡಿ, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಡಿ. ಬಯಾಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಇರಬಹುದು. ಆದ್ದರಿಂದ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ಗೆ, ಚಾರ್ಜರ್ ಹಾಕದೆ ಲ್ಯಾಪ್‌ಟಾಪ್‌ಗೆ ಅಪ್‌ಡೇಟ್ ಮಾಡಬೇಡಿ. ನಮ್ಮ ಬೀದಿಯಲ್ಲಿ ಮಳೆ ಮೋಡ ಕಂಡರೆ ನಾನು ಆ ಕೆಲಸವನ್ನೇ ಮರುದಿನಕ್ಕೆ ಹಾಕುತ್ತೇನೆ.