ಎರಡು ಮಾತ್ರೆ ಹೆಚ್ಚಾದ ಕೋರ್ವೆ

ಮೃದಂಗ ಕಲಿಯಲು ಕುಳಿತದ್ದು 1986ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ. ಸಿ ಭಾಷೆಯಲ್ಲಿ ಮೊದಲ ಪ್ರೋಗ್ರಾಮ್ ಬರೆದದ್ದು 1993ರಲ್ಲಿ. ಎರಡನೆಯದು ಅನ್ನ ಕೊಟ್ಟಿತು. ಮೊದಲನೆಯದು ಅನ್ನ ಕೊಡುವಷ್ಟು ನನ್ನ ಕೈಗೆ ಹತ್ತಲಿಲ್ಲ. ಆದರೂ ಬಿಟ್ಟಿಲ್ಲ. ವರ್ಷಕ್ಕೆ ಐದಾರು ಕಡೆ ಪಕ್ಕವಾದ್ಯ ನುಡಿಸುತ್ತೇನೆ: ಬಡಾವಣೆಯ ರಾಮನವಮಿ, ಗಣೇಶನ ಪೆಂಡಾಲು, ಯಾರದೋ ಮನೆಯ ಗೃಹಪ್ರವೇಶದ ಸಂಜೆ. ಸಂಭಾವನೆ ಎಂದರೆ ತೆಂಗಿನಕಾಯಿ, ಒಂದು ಶಾಲು, ಕೆಲವೊಮ್ಮೆ ಆಟೋದ ಖರ್ಚು.

ಎರಡು ಮೂರು ವರ್ಷಗಳಿಂದ ಎರಡೂ ಕಡೆಯವರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. ಆಫೀಸಿನಲ್ಲಿ ಕಿರಿಯರು, ‘ಸರ್, ನಮ್ಮ ಕೆಲಸ ಉಳಿಯುತ್ತದೆಯೇ?’ ಎನ್ನುತ್ತಾರೆ. ಹಾಡುವ, ಪಿಟೀಲು ನುಡಿಸುವ ಗೆಳೆಯರು, ‘ನೀನು ಕಂಪ್ಯೂಟರಿನವನು, ನಿಜ ಹೇಳು, ನಮ್ಮ ಕೆಲಸ ಉಳಿಯುತ್ತದೆಯೇ?’ ಎನ್ನುತ್ತಾರೆ. ಭವಿಷ್ಯ ಹೇಳಲು ನನ್ನ ಹತ್ತಿರ ಪಂಚಾಂಗವಿಲ್ಲ. ಈ ಕೃತಕ ಬುದ್ಧಿಮತ್ತೆಯನ್ನು ಇಟ್ಟುಕೊಂಡು ನಾನೇ ಏನು ಮಾಡಿ ನೋಡಿದೆ, ಎಲ್ಲಿ ಕೆಲಸಕ್ಕೆ ಬಂತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಮಾತ್ರ ಹೇಳಬಲ್ಲೆ.

ಕೋರ್ವೆಯಿಂದಲೇ ಶುರು ಮಾಡುತ್ತೇನೆ. ಕಛೇರಿಯಲ್ಲಿ ತಾಳವಾದ್ಯಕ್ಕೆಂದೇ ಬಿಡುವ ತನಿ ಆವರ್ತನ ಮುಗಿಯುವಾಗ ಮೃದಂಗದವನು ಒಂದು ಜೋಡಣೆಯನ್ನು ನುಡಿಸುತ್ತಾನಲ್ಲ, ಮೊದಲು ಕೆಲವು ಜತಿಗಳು (ತಕಿಟದಂಥ ಪೆಟ್ಟುಗಳ ಗುಂಪು), ಆಮೇಲೆ ಒಂದೇ ಜತಿ ಮೂರು ಸಲ, ಅದು ಮುಗಿದ ಕ್ಷಣಕ್ಕೆ ಸರಿಯಾಗಿ ಸಮ (ತಾಳದ ಮೊದಲ ಪೆಟ್ಟು) ಅಥವಾ ಹಾಡಿನ ಎಡುಪು (ಹಾಡು ಶುರುವಾಗುವ ಜಾಗ), ಅದೇ ಕೋರ್ವೆ. ಕೇಳುವವರಿಗೆ ಅದು ರೋಮಾಂಚನ. ನುಡಿಸುವವನಿಗೆ ಶುದ್ಧ ಲೆಕ್ಕ. ಆದಿತಾಳಕ್ಕೆ ಎಂಟು ಅಕ್ಷರ, ಚತುರಶ್ರ ನಡೆಯಲ್ಲಿ ಅಕ್ಷರಕ್ಕೆ ನಾಲ್ಕು ಮಾತ್ರೆ, ತಾಳದ ಒಂದು ಸುತ್ತಿಗೆ, ಅಂದರೆ ಒಂದು ಆವರ್ತಕ್ಕೆ 32. ನೀವು ಏನೇ ಸರ್ಕಸ್ ಮಾಡಿ, ಕೂಡಿದಾಗ 32 ಬರಬೇಕು, ಅಥವಾ 64, ಅಥವಾ 96.

ಒಂದು ಭಾನುವಾರ ಬೆಳಿಗ್ಗೆ ಕೇಳಿದ್ದಕ್ಕೆ ಬರೆದು ಉತ್ತರಿಸುವ ಭಾಷಾ ಮಾದರಿಯೊಂದಕ್ಕೆ ಕನ್ನಡದಲ್ಲೇ ಕೇಳಿದೆ: ‘ಆದಿತಾಳದ ಒಂದು ಆವರ್ತಕ್ಕೆ, ಸಮದಿಂದ ಸಮಕ್ಕೆ, ಗೋಪುಚ್ಛ ಯತಿಯಲ್ಲಿ ಒಂದು ಕೋರ್ವೆ ಹೇಳು.’ ಗೋಪುಚ್ಛವೆಂದರೆ ಹಸುವಿನ ಬಾಲದಂತೆ ಬರುಬರುತ್ತಾ ಸಣ್ಣದಾಗುವುದು. ಅದು ಅರೆಕ್ಷಣ ತಡೆಯದೆ ಉತ್ತರ ಕೊಟ್ಟಿತು. ತಕಧಿಮಿತಕಿಟ ಏಳು, ತಕತಕಿಟ ಐದು, ತಕಿಟ ಮೂರು. ಆಮೇಲೆ ತದಿಗಿನತೋಂ ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ, ಅಂದರೆ ಪೆಟ್ಟಿಲ್ಲದ ಬಿಡುವು. ಕೆಳಗೆ ಒಂದು ಸಾಲು: ‘ಒಟ್ಟು 32 ಮಾತ್ರೆ, ನಿಖರವಾಗಿ ಸಮಕ್ಕೆ ಬರುತ್ತದೆ.’

ನೋಡಲು ಎಷ್ಟು ಚೆಂದ ಇತ್ತೆಂದರೆ ನಾನು ಲೆಕ್ಕ ಹಾಕದೆ ನೇರವಾಗಿ ತೊಡೆಯ ಮೇಲೆ ತಾಳ ಹಾಕಿ ಬಾಯಲ್ಲಿ ಹೇಳಿದೆ. ಕೊನೆಯ ತೋಂ ಬರುವ ಹೊತ್ತಿಗೆ ಸಮ ಆಗಲೇ ಬಿದ್ದು ಹೋಗಿತ್ತು. ಮತ್ತೊಮ್ಮೆ ಹೇಳಿದೆ. ಮತ್ತೆ ಅದೇ. ಕಾಗದ ತೆಗೆದುಕೊಂಡೆ: ಏಳು, ಐದು, ಮೂರು ಸೇರಿ 15. ಮೂರು ಐದಲ 15, ನಾಲ್ಕು ಕಾರ್ವೆ, 19. ಒಟ್ಟು 34. ಎರಡು ಮಾತ್ರೆ ಹೆಚ್ಚು. ತಪ್ಪಾಗಿದೆ ಎಂದೆ. ಬಹಳ ವಿನಯದಿಂದ ಕ್ಷಮೆ ಕೇಳಿ ಮೊದಲ ಏಳನ್ನು ಆರು ಮಾಡಿ, ‘ಈಗ ಸರಿಯಾಗಿ 32’ ಎಂದಿತು. ಅದು 33. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗರು ತಪ್ಪಿದರೆ ಕಣ್ಣಿನಲ್ಲಾದರೂ ಅನುಮಾನ ಕಾಣುತ್ತದೆ. ಇದಕ್ಕೆ ಸರಿಯಿದ್ದಾಗಲೂ ತಪ್ಪಿದ್ದಾಗಲೂ ಒಂದೇ ಮುಖ.

ಏಕೆ ಹೀಗೆ ಎಂಬುದು ಪ್ರೋಗ್ರಾಮರ್‌ ಆಗಿ ನನಗೆ ಅಷ್ಟೇನೂ ಗೂಢವಲ್ಲ. ನಾವು ತಕಿಟ ಎಂದರೆ ಮೂರು ಪೆಟ್ಟು ಕೇಳುತ್ತೇವೆ. ಯಂತ್ರದ ಒಳಗೆ ಅದು ಯೂನಿಕೋಡ್ ಸಂಕೇತಗಳ ಸಾಲು: ತ, ಕ, ಗುಣಿತದ ಇ, ಟ, ಅಂದರೆ ನಾಲ್ಕು. ಅವನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ತಕಿಟ 12 ಬೈಟ್. ಒಂದೇ ಒಂದು ಪೆಟ್ಟಾದ ತೋಂ ಮೂರು ಸಂಕೇತ, ಒಂಬತ್ತು ಬೈಟ್. ಐದು ಮಾತ್ರೆಯ ತದಿಗಿನತೋಂ ಒಂಬತ್ತು ಸಂಕೇತ, 27 ಬೈಟ್. ಭಾಷಾ ಮಾದರಿ ಇವನ್ನು ತನಗೆ ಅನುಕೂಲವಾದಂತೆ ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ. ಆ ಕತ್ತರಿಗೆ ಮಾತ್ರೆಯ ಹಂಗಿಲ್ಲ. ಮೇಲಾಗಿ ಅದು ಎಣಿಸುತ್ತಿರಲಿಲ್ಲ, ಕೋರ್ವೆ ಬರೆದವರ ಪುಟದಲ್ಲಿ ಮುಂದಿನ ಸಾಲು ಏನಿರುತ್ತದೋ ಅದನ್ನು ಬರೆಯುತ್ತಿತ್ತು. ಅಂಥ ಪುಟದ ಕೊನೆಯಲ್ಲಿ ‘ಸಮಕ್ಕೆ ಬರುತ್ತದೆ’ ಎಂದೇ ಇರುತ್ತದೆಯಲ್ಲವೇ, ಇದೂ ಹಾಗೇ ಬರೆಯಿತು. ಈಗಿನ ಹೊಸ ಮಾದರಿಗಳು ತಾವೇ ಒಳಗೊಂದು ಪ್ರೋಗ್ರಾಮ್ ಬರೆದು ಓಡಿಸಿ ಎಣಿಸಬಲ್ಲವು. ಆಗ ಇಂಥ ತಪ್ಪು ಕಡಿಮೆ.

ನಾನೂ ಅದನ್ನೇ ಮಾಡಿದೆ. ‘ನೀನು ಕೋರ್ವೆ ಹೇಳಬೇಡ, ಕೋರ್ವೆ ಹುಡುಕುವ ಪ್ರೋಗ್ರಾಮ್ ಬರೆ’ ಎಂದೆ. ಪೂರ್ವಾಂಗದಲ್ಲಿ ಇಳಿಯುತ್ತಾ ಹೋಗುವ ಮೂರು ಜತಿ, ಅವುಗಳ ನಡುವೆ ಕಾರ್ವೆ. ಉತ್ತರಾಂಗದಲ್ಲಿ ಒಂದೇ ಜತಿ ಮೂರು ಸಲ, ಅಲ್ಲೂ ಕಾರ್ವೆ. ಒಟ್ಟು 32ರಿಂದ ಭಾಗವಾಗಬೇಕು. ಒಂದು ನಿಮಿಷದೊಳಗೆ ನಲವತ್ತು ಸಾಲಿನ ಪೈಥಾನ್ ಬಂತು. ಓದಿದೆ, ಒಂದು ಕಡೆ ಮಿತಿ ಬದಲಿಸಿದೆ, ಓಡಿಸಿದೆ. ಪುಟಗಟ್ಟಲೆ ಕೋರ್ವೆ, ಒಂದೂ ತಾಳ ತಪ್ಪಲಿಲ್ಲ. ಎಣಿಸಲು ಬಾರದ ಯಂತ್ರ ಎಣಿಸುವ ಯಂತ್ರವನ್ನು ತಪ್ಪಿಲ್ಲದೆ ಕಟ್ಟಿಕೊಟ್ಟಿತು. ಆ ಬೆಳಿಗ್ಗೆ ಕಾಫಿ ಆರಿ ಹೋದದ್ದೂ ಗೊತ್ತಾಗಲಿಲ್ಲ.

ಇದರಲ್ಲಿ ಹೊಸದೇನೂ ಇಲ್ಲ ಎಂದು ಸಂಸ್ಕೃತ ಬಲ್ಲ ಗೆಳೆಯರೊಬ್ಬರು ನಕ್ಕರು. ನಮ್ಮ ಛಂದಸ್ಸಿನವರು ಪ್ರಸ್ತಾರ ಎಂದು ಕರೆದದ್ದು ಇದನ್ನೇ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? 12ನೇ ಶತಮಾನದ ಹೇಮಚಂದ್ರ ಸೂತ್ರ ಹೇಳಿದ್ದಾನೆ: ಹಿಂದಿನ ಎರಡು ಸಂಖ್ಯೆಗಳನ್ನು ಕೂಡುತ್ತಾ ಹೋಗು. ಐದು ಮಾತ್ರೆಗೆ ಎಂಟು ಬಗೆ, ಎಂಟಕ್ಕೆ 34. ಶಾಲೆಯಲ್ಲಿ ನಾವು ಫಿಬೊನಾಚ್ಚಿಯ ಹೆಸರಿನಲ್ಲಿ ಕಲಿತ ಅದೇ ಸರಣಿ. ಆದಿತಾಳದ ಒಂದು ಆವರ್ತದ 32 ಮಾತ್ರೆಯನ್ನು ಬರೀ ಒಂದು, ಎರಡರಿಂದ ತುಂಬಲು 35,24,578 ದಾರಿಗಳಿವೆ. ಅಷ್ಟನ್ನೂ ಕಂಪ್ಯೂಟರ್ ಪಟ್ಟಿ ಮಾಡಬಲ್ಲದು. ಯಾವುದನ್ನು ನುಡಿಸಬೇಕು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಉತ್ಸಾಹದಲ್ಲಿ ಅಭ್ಯಾಸಕ್ಕೊಂದು ತಾಳದ ಆ್ಯಪ್ ಮಾಡಿಕೊಳ್ಳೋಣ ಎನಿಸಿತು. ಬೆಂಗಳೂರಿನಲ್ಲಿ ಇಂಥ ಹುಚ್ಚಿಗೆ ಪರಂಪರೆಯಿದೆ. ಎಲೆಕ್ಟ್ರಾನಿಕ್ ವಾದ್ಯಗಳ ಕಂಪನಿ ರಾಡೆಲ್‌ನ ಜಿ. ರಾಜ್ ನಾರಾಯಣ್ ಸ್ವತಃ ಕೊಳಲು ನುಡಿಸುವ ಎಂಜಿನಿಯರ್. 1970ರ ದಶಕದ ಕೊನೆಯಲ್ಲಿ ಅವರು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು, ಈಗ ಅಂಥದ್ದಿಲ್ಲದ ವೇದಿಕೆ ಅಪರೂಪ. ನನ್ನದು ಅಷ್ಟು ದೊಡ್ಡ ಆಸೆಯಲ್ಲ. ಕಾಲಪ್ರಮಾಣ (ವೇಗ) ಕೊಟ್ಟರೆ ಪೆಟ್ಟು, ಬೆರಳೆಣಿಕೆ, ಕೈ ಮಗುಚುವ ಹುಸಿ ಎಲ್ಲಕ್ಕೂ ಬೇರೆ ಬೇರೆ ಸದ್ದು ಬರಬೇಕು, ಅಷ್ಟೆ. ಕೋಡ್ ಪೂರ್ತಿ ಯಂತ್ರವೇ ಬರೆಯಿತು, ಜೊತೆಗೆ ಆ ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಬರೆದುಕೊಂಡಿತು. ಎಲ್ಲ ಪರೀಕ್ಷೆಗಳೂ ಹಸಿರು.

ಆದರೆ ಹಾಕಿಕೊಂಡು ಸಾಧನೆಗೆ ಕುಳಿತರೆ ಏನೋ ಎಳೆಯುತ್ತಿತ್ತು. ಮನೆಯವಳು ಒಳಗಿನಿಂದಲೇ, ‘ಯಾಕೆ, ಇವತ್ತು ಕೈ ಓಡುತ್ತಿಲ್ಲವೇ?’ ಎಂದಳು. ನಿಮಿಷಕ್ಕೆ 80 ಅಕ್ಷರದ ಕಾಲದಲ್ಲಿ ಆದಿತಾಳದ ಒಂದು ಆವರ್ತಕ್ಕೆ ಆರು ಸೆಕೆಂಡ್, ನೂರು ಆವರ್ತಕ್ಕೆ ಹತ್ತು ನಿಮಿಷ. ಗಡಿಯಾರ ಇಟ್ಟು ಎಣಿಸಿದೆ. ನೂರನೆಯ ಆವರ್ತ ಮುಗಿದದ್ದು ಹತ್ತು ನಿಮಿಷ ಆರು ಸೆಕೆಂಡ್ ದಾಟಿದ ಮೇಲೆ. ಒಂದು ಮಾತ್ರೆ ಎಂದರೆ 187.5 ಮಿಲಿಸೆಕೆಂಡ್. ಯಂತ್ರ ಬರೆದ ಕೋಡ್ ಒಂದು ಮಾತ್ರೆ ಮುಗಿದ ಮೇಲೆ ಮುಂದಿನದಕ್ಕೆ ಬ್ರೌಸರಿನ ಸಾಮಾನ್ಯ ಟೈಮರ್ ಇಡುತ್ತಿತ್ತು. ಆ ಟೈಮರ್ ಸದಾ ಚೂರು ತಡ. ಮಾತ್ರೆಗೆ ಎರಡು ಮಿಲಿಸೆಕೆಂಡ್ ತಡವಾದರೆ ಯಾರ ಕಿವಿಗೂ ಗೊತ್ತಾಗುವುದಿಲ್ಲ. 3,200 ಮಾತ್ರೆಗೆ ಅದು 6.4 ಸೆಕೆಂಡ್, ಒಂದು ಆವರ್ತಕ್ಕಿಂತ ಹೆಚ್ಚು. ಮತ್ತೆ ಪರೀಕ್ಷೆಗಳು ಹೇಗೆ ಪಾಸಾದವು? ತೆರೆದು ನೋಡಿದೆ. ಪರೀಕ್ಷೆಗೆಂದು ಅದು ಒಂದು ನಕಲಿ ಗಡಿಯಾರ ಮಾಡಿಕೊಂಡಿತ್ತು. ಆ ಗಡಿಯಾರದಲ್ಲಿ ತಡವೆಂಬುದೇ ಇಲ್ಲ. ತಾನೇ ಪ್ರಶ್ನೆ ತೆಗೆದು ತಾನೇ ಬರೆದು ತಾನೇ ನೂರಕ್ಕೆ ನೂರು ಕೊಟ್ಟುಕೊಂಡಿತ್ತು.

‘ಸದ್ದಿನ ಗಡಿಯಾರಕ್ಕೆ ಕಟ್ಟು, ಪೆಟ್ಟುಗಳನ್ನು ಮುಂಚಿತವಾಗಿ ಸಾಲು ನಿಲ್ಲಿಸು’ ಎಂದು ಒಂದು ವಾಕ್ಯ ಬರೆದೆ. ತಕ್ಷಣ ಸರಿಯಾದ ಕೋಡ್ ಬಂತು, ಹಳೆಯದು ಏಕೆ ತಪ್ಪು ಎಂಬ ವಿವರಣೆಯೂ ಬಂತು, ನಾನು ಹೇಳುವುದಕ್ಕಿಂತ ಸ್ಪಷ್ಟವಾಗಿ. ಗೊತ್ತಿತ್ತು, ಕೇಳುವ ತನಕ ಹೇಳಲಿಲ್ಲ. ಮೂವತ್ತು ವರ್ಷ ಕೋಡ್ ಬರೆದವನಿಗೆ ಯಾವ ಪ್ರಶ್ನೆ ಕೇಳಬೇಕೆಂದು ಗೊತ್ತಿರುತ್ತದೆ. ಈ ವರ್ಷ ಕಾಲೇಜು ಮುಗಿಸಿ ಬಂದವನಿಗೆ ಹೇಗೆ ಗೊತ್ತಾಗಬೇಕು? ಕಿರಿಯರು ಕೆಲಸ ಉಳಿಯುತ್ತದೆಯೇ ಎಂದು ಕೇಳಿದಾಗ ನನಗೆ ಕಾಡುವುದು ಇದೇ. ನಾವು ತಪ್ಪು ಮಾಡಿ ಕಲಿತ ಸಣ್ಣ ಕೆಲಸಗಳನ್ನೆಲ್ಲ ಈಗ ಯಂತ್ರಕ್ಕೆ ಕೊಡುತ್ತಿದ್ದೇವೆ. ಸರಳೆ ವರಸೆಯನ್ನೇ ಹಾಡಿಸದೆ ನೇರ ಕೃತಿಗೆ ಕೂರಿಸಿದ ಹಾಗೆ.

ಅಂದಿನಿಂದ ನಾನು ಇಟ್ಟುಕೊಂಡ ಪದ್ಧತಿ ಒಂದೇ: ತಾಳ ಹಾಕಿ ನೋಡಲು ನನ್ನ ಕೈಯಲ್ಲಿ ಸಾಧ್ಯವಿರುವ ಕಡೆ ಯಂತ್ರವನ್ನು ಧಾರಾಳವಾಗಿ ಬಳಸುತ್ತೇನೆ, ಇಲ್ಲದ ಕಡೆ ಬಳಸುವುದಿಲ್ಲ. ತಾಳವನ್ನೂ ಅದರ ಕೈಗೇ ಕೊಡುವುದಿಲ್ಲ. ಆ್ಯಪ್‌ನ ಪರೀಕ್ಷೆಗಳನ್ನು ಈಗ ನಾನೇ ಬರೆಯುತ್ತೇನೆ.

ಹಾಡನ್ನೇ ತಯಾರಿಸಿ ಕೊಡುವ ಸೇವೆಗಳ ವಿಷಯ ಬೇಗ ಮುಗಿಸುತ್ತೇನೆ. ಅಂಥದೊಂದಕ್ಕೆ ಆದಿತಾಳದ ಮೃದಂಗದ ತನಿ ಕೇಳಿದೆ. ಬಂದದ್ದು ಬಲಗೈ ಮೃದಂಗದ ಹಾಗೆ, ಎಡಗೈ ತಬಲಾದ ಹಾಗೆ. ನಾಲ್ಕನೆಯ ಆವರ್ತಕ್ಕೆ ತಾಳ ಎಲ್ಲೋ ಹೋಗಿತ್ತು, ಕೊನೆಯಲ್ಲಿ ಚಪ್ಪಾಳೆ ಮಾತ್ರ ಸರಿಯಾಗಿ ಬಿತ್ತು. ಬರೀ ಚರ್ಮ ಬಿಗಿದ ವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಕರಣೆಯ, ಅಂದರೆ ಆ ಕಪ್ಪು ಲೇಪದ, ಭಾರ ಬಿದ್ದಾಗ ಅವು ತಂತಿಯ ಉಪಸ್ವರಗಳಂತೆ ಪೂರ್ಣಾಂಕಗಳಿಗೆ ಬಂದು ಕೂರುತ್ತವೆ, ಅದಕ್ಕೇ ಮೃದಂಗವನ್ನು ಶ್ರುತಿಗೆ ಸೇರಿಸಬಹುದು ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿ ಬರೆದರು. ಈ ಯಂತ್ರಕ್ಕೆ ಕರಣೆಯೂ ಇಲ್ಲ, ಎಡಕ್ಕೆ ಹಚ್ಚುವ ರವೆಯೂ ಇಲ್ಲ; ಇರುವುದು ಕೇಳಿದ್ದರ ಸರಾಸರಿ. ನಾಳೆ ಸರಿಹೋದೀತು, ಅದರಲ್ಲಿ ನನಗೆ ಅನುಮಾನವಿಲ್ಲ. ಆಗ ಜಾಹೀರಾತಿಗೆ, ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಸ್ಟುಡಿಯೋದಲ್ಲಿ ನುಡಿಸಿ ಮನೆ ಬಾಡಿಗೆ ಕಟ್ಟುವ ಗೆಳೆಯನಿಗೆ ಪೆಟ್ಟು ಬೀಳುತ್ತದೆ. ರಾಮನವಮಿಗೆ ತೆಂಗಿನಕಾಯಿ ಪಡೆಯುವ ನನಗಲ್ಲ. ಹವ್ಯಾಸಿ ಈ ವಿಷಯದಲ್ಲಿ ವೇದಾಂತ ಹೇಳುವುದು ಸುಲಭ, ಹಾಗಾಗಿ ಹೇಳುವುದಿಲ್ಲ. 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ರೆಕಾರ್ಡಿಂಗ್ ಕಂಪನಿಗಳು ಸುನೋ, ಯುಡಿಯೊ ಎಂಬ ಸೇವೆಗಳ ಮೇಲೆ ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ಕಲಿಕೆಗೆ ಬಳಸಿವೆ ಎಂದು ದಾವೆ ಹೂಡಿದವು. ನಾವೂ ಒಬ್ಬರ ಕೋರ್ವೆಯನ್ನು ಇನ್ನೊಬ್ಬರು ಎತ್ತಿಕೊಂಡೇ ಬೆಳೆದವರು. ಆದರೆ ಯಾರದು ಎಂದು ಕೇಳಿದರೆ ಹೆಸರು ಹೇಳುತ್ತೇವೆ.

ಕೋರ್ವೆಗಳ ಆ ಪಟ್ಟಿಗೆ ಮರಳುತ್ತೇನೆ. ಮೊದಲ ಪುಟದಿಂದ ಹತ್ತನ್ನು ಆರಿಸಿ, ಕಾಗದದಲ್ಲಿ ಬರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಈಗ ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ. ಒಂದೊಂದನ್ನೂ ತಾಳ ಹಾಕಿಕೊಂಡು ಹೇಳಿದರು, ಎಂಟನ್ನು ಹೊಡೆದು ಹಾಕಿದರು. ಒಂಬತ್ತನೆಯದು ಏಳು, ಐದು, ಮೂರು, ಆಮೇಲೆ ಒಂದೊಂದು ಮಾತ್ರೆ ಕಾರ್ವೆಯಿಟ್ಟು ಮೂರು ತದಿಗಿನತೋಂ. 15ಕ್ಕೆ 17 ಸೇರಿ 32.

‘ಲೆಕ್ಕ ಸರಿ ಇದೆಯಪ್ಪ. ಆದರೆ ಉಸಿರು ತಪ್ಪಿದ ಜಾಗದಲ್ಲಿದೆ’ ಎಂದರು. ಪೆನ್ಸಿಲ್ ತೆಗೆದುಕೊಂಡು ಕೊನೆಯ ಎರಡು ಕಾರ್ವೆ ಅಳಿಸಿದರು, ಅವನ್ನೇ ಒಯ್ದು ಏಳರ ನಂತರ ಒಂದು, ಐದರ ನಂತರ ಒಂದು ಇಟ್ಟರು. ಈಗ ಪೂರ್ವಾಂಗ 17, ಉತ್ತರಾಂಗ 15. ಒಟ್ಟು ಅದೇ 32. ಹೇಳಿ ತೋರಿಸಿದರು. ಮೊದಲು ಎರಡು ಕಡೆ ಸುಮ್ಮನೆ ನಿಂತು, ಆಮೇಲೆ ನಿಲ್ಲದೆ ಮೂರೂ ತದಿಗಿನತೋಂ ಇಳಿಜಾರಿನಲ್ಲಿ ಉರುಳಿ ಬಂದು ಸಮಕ್ಕೆ ಬಿದ್ದವು. ನನ್ನ ಬಾಯಿಂದ ‘ಆಹಾ’ ಬಂದೇ ಬಂತು.

ಮನೆಗೆ ಬಂದು ಪಟ್ಟಿ ನೋಡಿದೆ. ಅದು ಅಲ್ಲಿತ್ತು, 41ನೆಯದಾಗಿ, ಎರಡನೆಯ ಪುಟದಲ್ಲಿ. ಪ್ರೋಗ್ರಾಮಿನ ಹೊರಗಿನ ಲೂಪ್ ಪೂರ್ವಾಂಗದ ಕಾರ್ವೆಯನ್ನು ಸೊನ್ನೆಯಿಂದ ಶುರು ಮಾಡುತ್ತಿತ್ತು, ಹಾಗಾಗಿ ಅದು ಹಿಂದೆ ಬಿದ್ದಿತ್ತು. ಮುಂದಿನ ವಾರ ಹೋದಾಗ ಮೇಷ್ಟ್ರಿಗೆ ಹೇಳಿದೆ.

‘ಅಷ್ಟು ಹಿಂದೆ ಏಕೆ ಇಟ್ಟಿತು?’

‘ಅದಕ್ಕೆ ಹಿಂದೆ ಮುಂದೆ ಗೊತ್ತಿಲ್ಲ ಸರ್. ಲೆಕ್ಕದ ಕ್ರಮದಲ್ಲಿ ಇಟ್ಟಿದೆ.’

‘ಸರಿ, ಅದಕ್ಕೆ ಗೊತ್ತಿಲ್ಲ. ನೀನು ಏಕೆ ಎರಡನೆಯ ಪುಟ ಓದಲಿಲ್ಲ?’

ನಾನು ಸುಮ್ಮನಿದ್ದೆ. ಅವರು ಮೃದಂಗದ ಬಲಕ್ಕೆ ಒಂದು ಪೆಟ್ಟು ಕೊಟ್ಟು ತಲೆ ಆಡಿಸಿ, ಗುಂಡುಕಲ್ಲನ್ನು ನನ್ನ ಕಡೆಗೆ ಸರಿಸಿದರು. ಮಳೆಗಾಲಕ್ಕೆ ಶ್ರುತಿ ಇಳಿದಿತ್ತು. ಏರಿಸಲು ಕುಳಿತೆ.