ದೆವ್ವಕ್ಕೊಂದು ಭೂತಗನ್ನಡಿ

ಟೋಕಿಯೋದ ಜಿಂಬೋಚೋದಲ್ಲಿ ಹಳೆ ಪುಸ್ತಕದ ಅಂಗಡಿಗಳ ಸಾಲೇ ಇದೆ. ಜಪಾನಿನ ಹಳೆಯ ನಾಟಕ ಪ್ರಕಾರವಾದ ಕಬುಕಿಯ ನಟರ ಮರದಚ್ಚಿನ ಚಿತ್ರಗಳೂ ಅಲ್ಲಿ ಸಿಗುತ್ತವೆ. ನಾನು ಮೊದಲು ಕೊಂಡದ್ದು ಓಯಿವಾ ಅನ್ನೋ, ಕಬುಕಿ ನಾಟಕವೊಂದರಲ್ಲಿ ಬರುವ ಹೆಣ್ಣು ದೆವ್ವದ ಚಿತ್ರ. ಹಳೇದು ಅಂತ ಹೇಳಿಯೇ ಕೊಟ್ಟಿದ್ದರು. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಬಣ್ಣದ ತುಂಬಾ ಸಣ್ಣ ಚುಕ್ಕಿಗಳು. ಸುಮ್ನೆ ಯಂತ್ರದಲ್ಲಿ ಒತ್ತಿದ ಪ್ರತಿ!

ಹಾಗಾಗಿ ಮೊದಲು ಭೂತಗನ್ನಡಿ. ಮರದಚ್ಚಿನಲ್ಲಿ ಚುಕ್ಕಿ ಇರೋದಿಲ್ಲ, ಬಣ್ಣ ಒಂದೇ ಸಮ ಕೂತಿರುತ್ತದೆ. ಆಮೇಲೆ ಹಿಂಬದಿ ನೋಡಿ. ಬಣ್ಣ ಕಾಗದದೊಳಗೆ ಇಳಿದಿರಬೇಕು, ಕೈಯಲ್ಲಿ ಉಜ್ಜಿದ ಗುರುತು ಕಾಣಬೇಕು. ಆದರೆ ಈಚೆಗೆ ಕೆತ್ತಿ ಅಚ್ಚೊತ್ತಿದ್ದರಲ್ಲೂ ಇದೆಲ್ಲ ಇರುತ್ತದೆ. ಇಷ್ಟಕ್ಕೇ ಹಳೇದು ಅಂತ ನಂಬಬೇಡಿ.

ಕಾಲ ತಿಳಿಯೋಕೆ ಮುದ್ರೆ ಹುಡುಕಿ. 1852ರಿಂದ ವರ್ಷದ ಪ್ರಾಣಿ ಮತ್ತು ತಿಂಗಳಿನ ಮುದ್ರೆ ಒತ್ತುತ್ತಿದ್ದರು. ಹನ್ನೆರಡು ಪ್ರಾಣಿಗಳು ವರ್ಷಕ್ಕೊಂದರಂತೆ ಸರದಿಯಲ್ಲಿ ಬರುತ್ತವೆ. 1852 ಮೊದಲನೆಯದಾದ ಇಲಿಯ ವರ್ಷ. ಎಣಿಸುತ್ತಾ ಹೋದರೆ ಹತ್ತನೆಯದಾದ ಹುಂಜ ಬರೋದು 1861ಕ್ಕೆ. ಪಾತ್ರದ ಹೆಸರಿದ್ದು ನಟನ ಹೆಸರಿಲ್ಲವಾ? ಗಾಬರಿ ಬೇಡ. 1842ರಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತ್ತು. ಮತ್ತೆ ಶುರುವಾದಾಗ ಎಷ್ಟೋ ವರ್ಷ ಹೆಸರು ಹಾಕಲಿಲ್ಲ. ಕೊಳ್ಳುವವರಿಗೆ ಮೂಗು ನೋಡಿದರೇ ಯಾರು ಅಂತ ಗೊತ್ತಾಗುತ್ತಿತ್ತು!

ಈಗ ದೆವ್ವ. ಪಕ್ಕದ ಮನೆಯವರು ಔಷಧಿ ಅಂತ ಕಳಿಸಿದ ವಿಷ ಕುಡಿದು ಓಯಿವಾಳ ಮುಖ ಕೆಡುತ್ತದೆ. ಒಂದು ಕಣ್ಣು ಊದಿದೆಯಾ, ಬಾಚಿದಲ್ಲೆಲ್ಲ ಕೂದಲು ಕಿತ್ತು ಬಂದಿದೆಯಾ ನೋಡಿ. ಕೆಳಗೆ ಪಾದ ಇರೋದಿಲ್ಲ, ಬಟ್ಟೆ ಹೊಗೆಯ ಹಾಗೆ ಕರಗುತ್ತದೆ. ಒಸಾಕಾದ ಕಲಾವಿದ ಹೊಕುಯೇ 1832ರಲ್ಲಿ ಮಾಡಿದ ಚಿತ್ರದಲ್ಲಂತೂ ಹರಿದ ಕಾಗದದ ಲಾಂದ್ರವೇ ಅವಳ ಮುಖ. ಎದುರಿಗೆ ಗಂಡ ಇಯೆಮೊನ್ ಆಗಿ ನಟ ಎರಡನೇ ಅರಾಶಿ ರಿಕನ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಇನ್ನೊಂದು ಮಜಾ ಇದೆ. ಓಯಿವಾಳ ನಾಟಕದಲ್ಲಿ ಒಂದು ಬಾಗಿಲ ಹಲಗೆಯ ಒಂದು ಬದಿಗೆ ಓಯಿವಾಳ ಹೆಣ, ಇನ್ನೊಂದು ಬದಿಗೆ ಆಳು ಕೊಹೇಯ ಹೆಣ. 1825ರಲ್ಲಿ ಎಡೊ ನಗರದ (ಈಗಿನ ಟೋಕಿಯೋ) ನಕಮುರಾ ರಂಗಮಂದಿರದಲ್ಲಿ ಎರಡೂ ಪಾತ್ರ ಮಾಡಿದ್ದು ಒಬ್ಬನೇ, ಮೂರನೇ ಒನೊಯೆ ಕಿಕುಗೊರೊ. ಈ ದೃಶ್ಯದ ಕೆಲವು ಚಿತ್ರಗಳಿಗೆ ಮುಚ್ಚಳದ ಹಾಗೆ ಎತ್ತಬಹುದಾದ ಪುಟ್ಟ ಕಾಗದದ ತುಂಡು ಅಂಟಿಸಿರುತ್ತಾರೆ, ಎತ್ತಿದರೆ ಓಯಿವಾ ಹೋಗಿ ಕೊಹೇ. ನೀವೇ ಎತ್ತಬೇಡಿ, ಅಂಗಡಿಯವರಿಗೆ ಹೇಳಿ. ಹಳೇ ಅಂಟು ಜಾಸ್ತಿ ತಡೆಯೋದಿಲ್ಲ.